ಒಂದೇ ಅಣು ಹೊಳೆಯಲೂ ಬೇಕು, ಕೊಲ್ಲಲೂ ಬೇಕು ಅಂದ್ರೆ ಹೇಗೆ?

ನಮ್ಮ ಕ್ಷೇತ್ರದ ಯಾವ ಪೇಪರ್ ತೆಗೆದು ನೋಡಿದರೂ ಮೊದಲ ಪ್ಯಾರಾದಲ್ಲಿ ಒಂದು ಮಾತು ಇದ್ದೇ ಇರುತ್ತದೆ. ಈ ಲೋಹದ ಸಂಕೀರ್ಣ (ನಡುವೆ ಲೋಹ, ಸುತ್ತಲೂ ಅದಕ್ಕೆ ಅಂಟಿದ ಅಣುಗಳು) ಕ್ಯಾನ್ಸರ್ ಕೋಶದೊಳಗೆ ಹೋಗಿ ಹೊಳೆದು ಕೋಶವನ್ನು ತೋರಿಸಿಕೊಡುತ್ತದೆ, ಬೆಳಕು ಬಿದ್ದಾಗ ಅದೇ ಸಂಕೀರ್ಣ ಆ ಕೋಶವನ್ನು ಕೊಲ್ಲುತ್ತದೆ ಅಂತ. ಪತ್ತೆಯೂ ಆಯ್ತು, ಚಿಕಿತ್ಸೆಯೂ ಆಯ್ತು. ಓದೋಕೆ ಬಹಳ ಚೆನ್ನಾಗಿರುತ್ತದೆ. ಗ್ರಾಂಟ್ ಕೇಳೋ ಅರ್ಜಿಯಲ್ಲಿ ಇನ್ನೂ ಚೆನ್ನಾಗಿರುತ್ತದೆ.

ರುಥೀನಿಯಂ ಜೊತೆ ಇಷ್ಟು ದಿನ ಏಗಿದ ಮೇಲೆ ನನಗೆ ಅನ್ನಿಸುವುದೇ ಬೇರೆ. ಹೊಳೆಯುವುದು ಮತ್ತು ಕೊಲ್ಲುವುದು ಒಂದಕ್ಕೊಂದು ಆಗಿಬರದ ಕೆಲಸಗಳು. ಒಂದು ಜಾಸ್ತಿ ಆದರೆ ಇನ್ನೊಂದು ಕಮ್ಮಿ ಆಗಲೇಬೇಕು. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಪಿಯುಸಿಗೇ ಕೆಮಿಸ್ಟ್ರಿಗೆ ಕೈ ಮುಗಿದವರೂ ಓದಬಹುದು, ಸಮೀಕರಣ ಒಂದೂ ಇಲ್ಲ.

ಮೊದಲು ಒಂದು ಪ್ರಯೋಗ. ಲ್ಯಾಬಿಗೆ ಹೊಸಬರು ಬಂದಾಗ ನಾನು ಮೊದಲು ತೋರಿಸುವುದೇ ಇದನ್ನ. ಒಂದು ರುಥೀನಿಯಂ ಅಯಾನಿಗೆ ಮೂರು ಬೈಪಿರಿಡೀನ್ ಅಣುಗಳು ಸುತ್ತಲೂ ಅಂಟಿಕೊಂಡ ಸಂಕೀರ್ಣ ಇದೆ. ನಾವು ರು-ಬಿಪಿ ಅಂತೀವಿ. ಇಡೀ ಕ್ಷೇತ್ರಕ್ಕೇ ಇದು ಅಜ್ಜ ಇದ್ದ ಹಾಗೆ. ಅಸಿಟೋನೈಟ್ರೈಲ್ ಅನ್ನುವ ದ್ರಾವಕದಲ್ಲಿ ಚಿಟಿಕೆಗಿಂತ ಕಮ್ಮಿ ಕರಗಿಸಿದರೂ ಸಾಕು, ಕಿತ್ತಳೆ ಬಣ್ಣ ಬರುತ್ತದೆ. ಅದನ್ನು ಕುವೆಟ್ ಅನ್ನುವ ಸಣ್ಣ ಗಾಜಿನ ಡಬ್ಬಿಗೆ ಹಾಕಿ, ಸೆಪ್ಟಮ್ ಅನ್ನುವ ರಬ್ಬರ್ ಮುಚ್ಚಳ ಒತ್ತಿ, ಉದ್ದ ಸೂಜಿಯೊಂದನ್ನು ತಳದವರೆಗೆ ಇಳಿಸುತ್ತೇವೆ. ಗಾಳಿ ಹೊರಗೆ ಹೋಗೋಕೆ ಮೇಲೆ ಇನ್ನೊಂದು ಗಿಡ್ಡ ಸೂಜಿ. ಕೋಣೆಯ ದೀಪ ಆರಿಸಿ, ನೀಲಿ ಎಲ್‌ಇಡಿ ಹಿಡಿದರೆ ದ್ರಾವಣ ಮಂಕಾಗಿ ಕೆಂಪಗೆ ಕಾಣಿಸುತ್ತದೆ. ಹೊಸಬರ ಮುಖ ನೋಡಬೇಕು. ಇಷ್ಟೇನಾ ಅನ್ನೋ ಥರ ಇರುತ್ತದೆ.

ಆಮೇಲೆ ಉದ್ದ ಸೂಜಿಯಲ್ಲಿ ಆರ್ಗಾನ್ ಬಿಡುತ್ತೇವೆ. ಸಣ್ಣ ಗುಳ್ಳೆಗಳು ಏಳುತ್ತವೆ. ಸುಮ್ನೆ ನೋಡ್ತಾ ಕೂತರೆ ಸಾಕು. ಹೊಳಪು ಏರುತ್ತಾ ಏರುತ್ತಾ ಹೋಗಿ, ಕೊನೆಗೆ ಇಡೀ ಕುವೆಟ್ ಕೆಂಡದ ಬಣ್ಣಕ್ಕೆ ಬರುತ್ತದೆ. ದೀಪ ಬದಲಿಸಿಲ್ಲ, ಪುಡಿ ಸೇರಿಸಿಲ್ಲ. ಆಕ್ಸಿಜನ್ ತೆಗೆದದ್ದು ಅಷ್ಟೇ. ಈಗ ಸೆಪ್ಟಮ್ ಕಿತ್ತು ಒಂದು ಸಲ ಕುಲುಕಿದರೆ ಎಲ್ಲಾ ಮತ್ತೆ ಮಂಕು.

ಲೆಕ್ಕದಲ್ಲಿ ಹೇಳಬೇಕೆಂದರೆ, ಆಕ್ಸಿಜನ್ ಇಲ್ಲದ ಅಸಿಟೋನೈಟ್ರೈಲ್‌ನಲ್ಲಿ ರು-ಬಿಪಿ ನೂರು ಫೋಟಾನ್ ನುಂಗಿದರೆ ಒಂಬತ್ತೂವರೆಯಷ್ಟನ್ನು ಬೆಳಕಾಗಿ ವಾಪಸ್ ಕೊಡುತ್ತದೆ. ಗಾಳಿ ಬೆರೆತಾಗ ಎರಡು ಕೂಡ ಇಲ್ಲ. ನೀರಿನಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಲ್ಲ, 6.3ರಿಂದ 4ಕ್ಕೆ ಇಳಿಯುತ್ತದೆ. ನೀರಿನಲ್ಲಿ ಕರಗುವ ಆಕ್ಸಿಜನ್ನೇ ಕಮ್ಮಿ.

ಹಾಗಾದರೆ ಉಳಿದ ಶಕ್ತಿ ಎಲ್ಲಿಗೆ ಹೋಯಿತು? ಒಂದಷ್ಟು ಬಿಸಿಯಾಗಿ ಹೋಯಿತು. ಇನ್ನೊಂದಷ್ಟನ್ನು ಆಕ್ಸಿಜನ್ ಕಿತ್ತುಕೊಂಡಿತು. ನಮ್ಮ ಕಥೆ ಇರುವುದು ಆ ಕಿತ್ತಾಟದಲ್ಲಿ.

ಸಾಮಾನ್ಯ ಬಣ್ಣದ ಅಣು ಬೆಳಕು ನುಂಗಿ ಕೆಲವು ನ್ಯಾನೋಸೆಕೆಂಡಿನಲ್ಲೇ ಅದನ್ನು ಉಗುಳಿಬಿಡುತ್ತದೆ. ಲೋಹದ ಸಂಕೀರ್ಣ ಹಾಗಲ್ಲ. ರುಥೀನಿಯಂ, ಇರಿಡಿಯಂ, ಪ್ಲಾಟಿನಂನಂಥ ಭಾರದ ಲೋಹ ನಡುವೆ ಕೂತಿದ್ದರೆ ಎಲೆಕ್ಟ್ರಾನು ತನ್ನ ಸ್ಪಿನ್ ತಿರುಗಿಸಿಕೊಂಡು ಟ್ರಿಪ್ಲೆಟ್ ಅನ್ನುವ ಸ್ಥಿತಿಗೆ ಸುಲಭವಾಗಿ ಜಾರುತ್ತದೆ. ಅಲ್ಲಿಂದ ಕೆಳಗೆ ಇಳಿಯೋದು ಕಷ್ಟ, ಸ್ಪಿನ್ ಮತ್ತೆ ತಿರುಗಬೇಕಲ್ಲ. ಹಾಗಾಗಿ ನೂರಾರು ನ್ಯಾನೋಸೆಕೆಂಡು, ಕೆಲವು ಸಲ ಹಲವು ಮೈಕ್ರೋಸೆಕೆಂಡು ಅಲ್ಲೇ ಕೂತಿರುತ್ತದೆ. ಗಾಳಿಯ ಆಕ್ಸಿಜನ್ ಹುಟ್ಟಿನಿಂದಲೇ ಟ್ರಿಪ್ಲೆಟ್. ಇಬ್ಬರೂ ಡಿಕ್ಕಿ ಹೊಡೆದರೆ ಶಕ್ತಿ ಆಕ್ಸಿಜನ್‌ಗೆ ದಾಟುತ್ತದೆ, ಅದು ಸಿಂಗ್ಲೆಟ್ ಆಕ್ಸಿಜನ್ ಆಗಿ ಎದ್ದು ಕೂರುತ್ತದೆ. ಈ ಸಿಂಗ್ಲೆಟ್ ಆಕ್ಸಿಜನ್ ಮಹಾ ಮುಂಗೋಪಿ. ನೀರಿನಲ್ಲಿ ಅದರ ಆಯಸ್ಸು ಮೂರೂವರೆ ಮೈಕ್ರೋಸೆಕೆಂಡು ಮಾತ್ರ. ಅಷ್ಟರೊಳಗೆ ಎದುರು ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲಕ್ಕೂ ಕೈ ಹಾಕುತ್ತದೆ. ಕೋಶ ಸಾಯುವುದು ಇದರಿಂದಲೇ.

ಅಂದರೆ ಅಣುವಿನ ಹತ್ತಿರ ಇರುವುದು ಒಂದೇ ಸಂಬಳ. ಬಾಡಿಗೆಗೆ ಹೋದ ದುಡ್ಡು ಸ್ಕೂಲ್ ಫೀಸಿಗೆ ಸಿಗುವುದಿಲ್ಲ. ಕ್ಯಾಮೆರಾಗೆ ಬಂದ ಒಂದೊಂದು ಫೋಟಾನೂ ಆಕ್ಸಿಜನ್‌ಗೆ ಸಿಗದೇ ಹೋದದ್ದು. ಎರಡಕ್ಕೂ ಸಿಗುತ್ತದೆ ಅಂತ ಬರೆಯುವವರು ಎಷ್ಟೆಷ್ಟು ಅಂತ ಹೇಳುವುದಿಲ್ಲ.

ಬೆಳಕು ಮತ್ತು ಬಣ್ಣ ಸೇರಿದರೆ ಜೀವ ಹೋಗುತ್ತದೆ ಅನ್ನುವುದು ಹೊಸ ವಿಷಯವೇನಲ್ಲ. ಮ್ಯೂನಿಕ್‌ನಲ್ಲಿ ಹರ್ಮನ್ ಫಾನ್ ಟಾಪೈನರ್ ಕೈಕೆಳಗೆ ಓದುತ್ತಿದ್ದ ಆಸ್ಕರ್ ರಾಬ್ ಅನ್ನುವ ವಿದ್ಯಾರ್ಥಿ ಪ್ಯಾರಾಮೀಸಿಯಂ ಅನ್ನುವ ಒಂದೇ ಕೋಶದ ಜೀವಿಗಳನ್ನು ಅಕ್ರಿಡಿನ್ ಬಣ್ಣದಲ್ಲಿ ಇಟ್ಟಿದ್ದ. ಕತ್ತಲೆಯಲ್ಲಿ ಅವು ಓಡಾಡಿಕೊಂಡಿದ್ದವು, ಬೆಳಕಿನಲ್ಲಿ ಸತ್ತವು. 1900ರಲ್ಲಿ ಅದನ್ನು ಪ್ರಕಟಿಸಿದ. 1993ರಲ್ಲಿ ಕೆನಡಾದಲ್ಲಿ ಫೋಟೋಫ್ರಿನ್ ಅನ್ನುವ, ಬೆಳಕು ಬಿದ್ದಾಗ ಕೊಲ್ಲುವ ಔಷಧಿಗೆ ಮೂತ್ರಕೋಶದ ಕ್ಯಾನ್ಸರ್‌ಗೆಂದು ಒಪ್ಪಿಗೆ ಸಿಕ್ಕಿತು. ಅದನ್ನು ರಕ್ತಕ್ಕೆ ಕೊಡಬೇಕು. ಚರ್ಮದಲ್ಲೂ ಉಳಿದುಬಿಡುತ್ತದೆ. ಹಾಗಾಗಿ ರೋಗಿ ಕನಿಷ್ಠ ಒಂದು ತಿಂಗಳು ಬಿಸಿಲಿಗೆ ಮೈ ಒಡ್ಡುವಂತಿಲ್ಲ. ನಮ್ಮ ಊರಿನ ಏಪ್ರಿಲ್ ತಿಂಗಳು ನೆನಪಿಸಿಕೊಳ್ಳಿ.

ಈಗ ಮೈಕ್ರೋಸ್ಕೋಪಿನ ಹತ್ತಿರ ಬರೋಣ. ಈ ಜಗಳ ಕಣ್ಣಾರೆ ಕಾಣುವುದು ಅಲ್ಲೇ.

ಲೇಸರ್‌ನಿಂದ ಕೋಶದ ಚಿತ್ರ ತೆಗೆಯುವ ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಸ್ಲಾಟ್ ನಮ್ಮಂಥವರಿಗೆ ಸಿಗುವುದು ರಾತ್ರಿಯೇ. ಹಗಲು ಬಯಾಲಜಿಯವರದ್ದು. ಆವತ್ತು ಹೊಸ ಹುಡುಗನೊಬ್ಬ ಜೊತೆಗಿದ್ದ. ಹೀಲಾ ಅನ್ನುವ, ಲ್ಯಾಬಿನಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳಿಗೆ ನಮ್ಮ ಸಂಕೀರ್ಣ ಹಾಕಿ, ಡಿಶ್‌ಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ ತಂದಿದ್ದೆವು. ಇದು ರು-ಬಿಪಿ ಅಲ್ಲ. ರು-ಬಿಪಿ ನೀರು ಇಷ್ಟಪಡುವ ಅಣು, ಬದುಕಿರುವ ಕೋಶದೊಳಗೆ ಅಷ್ಟಾಗಿ ಹೋಗುವುದಿಲ್ಲ. ಜಿಡ್ಡಿನ ಗುಣದ ಫೀನೈಲ್ ಉಂಗುರಗಳನ್ನು ಸೇರಿಸಿದ ಮೇಲೆ ಒಳಗೆ ನುಗ್ಗುತ್ತದೆ. 488 ನ್ಯಾನೋಮೀಟರ್ ಲೇಸರ್ ಹಾಕಿದೆವು. ನ್ಯೂಕ್ಲಿಯಸ್ ಕಪ್ಪು, ಅದರ ಸುತ್ತ ಸೈಟೋಪ್ಲಾಸಂನಲ್ಲಿ ಕೆಂಪು ಚುಕ್ಕೆಗಳು. ಚೆನ್ನಾಗಿತ್ತು. ಸಿಗ್ನಲ್ ಸ್ವಲ್ಪ ಕಮ್ಮಿ ಅಂತ ಅವನು ಲೇಸರ್ ಪವರ್ ಏರಿಸಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಓಡಿಸಿದ.

ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಬರುವಷ್ಟರಲ್ಲಿ ಕೂಗಿದ. "ಅಕ್ಕಾ, ಬೇಗ ಬನ್ನಿ, ನ್ಯೂಕ್ಲಿಯಸ್ ಒಳಗೆ ಹೋಗಿದೆ! ಎಂಥಾ ಬ್ರೈಟ್!"

ನೋಡಿದೆ. ನಿಜವಾಗಿಯೂ ನ್ಯೂಕ್ಲಿಯಸ್‌ಗಳು ಕೆಂಪಗೆ ಮಿನುಗುತ್ತಿದ್ದವು. ಆದರೆ ಪಕ್ಕದ ಬ್ರೈಟ್‌ಫೀಲ್ಡ್ (ಸಾಮಾನ್ಯ ಬೆಳಕಿನ ಚಿತ್ರದ) ಕಿಟಕಿಯಲ್ಲಿ ಕೋಶಗಳ ಅಂಚು ನೆಟ್ಟಗಿರಲಿಲ್ಲ. ಪೊರೆ ಅಲ್ಲಲ್ಲಿ ಗುಳ್ಳೆ ಗುಳ್ಳೆಯಾಗಿ ಉಬ್ಬಿಕೊಂಡು ಹೊರಗೆ ಬರುತ್ತಿತ್ತು.

"ಅದು ಸತ್ತೋಯ್ತು ಕಣೋ."

"ಹಾಗಂದ್ರೆ?"

"ನಾವು ನೋಡ್ತಾ ನೋಡ್ತಾ ಕೊಂದ್ವಿ."

ಚಿತ್ರ ತೆಗೆಯಲು ಹಾಕಿದ ಲೇಸರ್ರೇ ಚಿಕಿತ್ಸೆಯ ಬೆಳಕು ಆಗಿಬಿಟ್ಟಿತ್ತು. ಸಿಂಗ್ಲೆಟ್ ಆಕ್ಸಿಜನ್ ಪೊರೆಗಳನ್ನು ಹರಿದು ಹಾಕಿದ ಮೇಲೆ, ಚುಕ್ಕೆಗಳಲ್ಲಿ ಕಟ್ಟಿಕೊಂಡಿದ್ದ ಸಂಕೀರ್ಣ ಬಿಡಿಸಿಕೊಂಡು ಡಿಎನ್‌ಎ ಕಡೆಗೆ ನುಗ್ಗಿತು. ಧನ ಚಾರ್ಜ್ ಇರುವ ಅಣು, ಋಣ ಚಾರ್ಜ್ ಇರುವ ಡಿಎನ್‌ಎ, ಸಹಜವೇ. ನಾವು ಪಕ್ಕದ ಮೂಲೆಗೆ ಸ್ಟೇಜ್ ಸರಿಸಿ ಲೇಸರ್ ಬೀಳದ ಕೋಶಗಳನ್ನು ಒಂದೇ ಸಲ, ಕಮ್ಮಿ ಪವರ್‌ನಲ್ಲಿ ನೋಡಿದೆವು. ಅಲ್ಲಿ ನ್ಯೂಕ್ಲಿಯಸ್ ಇನ್ನೂ ಕಪ್ಪಗೇ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಹುಡುಗ ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಪೇಪರಲ್ಲಿ ಬರೋ ನ್ಯೂಕ್ಲಿಯಸ್ ಫೋಟೋ ಎಲ್ಲಾ?" ಅಂದ. ಒಳ್ಳೇ ಪ್ರಶ್ನೆ. ಎಲ್ಲವೂ ಅಲ್ಲ, ಆದರೆ ಬ್ರೈಟ್‌ಫೀಲ್ಡ್ ಚಿತ್ರ ಪಕ್ಕದಲ್ಲಿ ಇಡದ ಪೇಪರನ್ನು ನಾನು ಅನುಮಾನದಿಂದಲೇ ಓದುವುದು.

ಡಿಎನ್‌ಎ ಅಂದಮೇಲೆ 1990ರ ಒಂದು ಕೆಲಸದ ಬಗ್ಗೆ ಹೇಳಲೇಬೇಕು. ಜಾಕ್ವೆಲಿನ್ ಬಾರ್ಟನ್ ಮತ್ತು ಝಾನ್ ಪಿಯರ್ ಸೊವಾಜ್ ಗುಂಪುಗಳು ಸೇರಿ ರುಥೀನಿಯಂಗೆ ಡಿಪಿಪಿಝಡ್ ಅನ್ನುವ ಉದ್ದನೆಯ ಚಪ್ಪಟೆ ಲೈಗ್ಯಾಂಡ್ (ಲೋಹಕ್ಕೆ ಅಂಟುವ ಅಣು) ಸೇರಿಸಿದವು. ನೀರಿನಲ್ಲಿ ಅದು ಹೊಳೆಯುವುದೇ ಇಲ್ಲ. ನೀರಿನ ಅಣು ಆ ಲೈಗ್ಯಾಂಡಿನ ನೈಟ್ರೋಜನ್‌ಗಳಿಗೆ ಹೈಡ್ರೋಜನ್ ಬಂಧ ಹಾಕಿ ಶಕ್ತಿಯನ್ನೆಲ್ಲ ಬಿಸಿಯಾಗಿ ಹರಿಸಿಬಿಡುತ್ತದೆ. ಡಿಎನ್‌ಎ ಸೇರಿಸಿದರೆ ಚಪ್ಪಟೆ ಭಾಗ ಬೇಸ್ ಜೋಡಿಗಳ ನಡುವೆ ತೂರಿಕೊಳ್ಳುತ್ತದೆ, ನೀರು ಹತ್ತಿರ ಬರೋಕಾಗುವುದಿಲ್ಲ, ತಟ್ಟನೆ ಹೊಳೆಯುತ್ತದೆ. ನಾನು ಎಂಎಸ್‌ಸಿಯಲ್ಲಿ ಇದನ್ನು ಓದಿಯೇ ಈ ಕಡೆ ಬಂದದ್ದು. ಸೊವಾಜ್ ಅವರಿಗೆ 2016ರಲ್ಲಿ ನೊಬೆಲ್ ಬಂತು, ಆದರೆ ಅದು ಅಣು ಯಂತ್ರಗಳ ಕೆಲಸಕ್ಕೆ. ಪರೀಕ್ಷಾ ನಳಿಕೆಯಲ್ಲಿ ಅಷ್ಟು ಚೆಂದದ ಈ ಅಣು ಬದುಕಿರುವ ಕೋಶದ ನ್ಯೂಕ್ಲಿಯಸ್‌ಗೆ ಹೋಗುವುದಕ್ಕೆ ಮಾತ್ರ ಮಹಾ ಸತಾಯಿಸಿತು. 2009ರಲ್ಲಿ ಶೆಫೀಲ್ಡ್‌ನ ಜಿಮ್ ಥಾಮಸ್ ಗುಂಪು ಎರಡು ರುಥೀನಿಯಂ ಇರುವ ಸಂಕೀರ್ಣವೊಂದನ್ನು ಜೀವಂತ ಕೋಶದ ಡಿಎನ್‌ಎ ಮೇಲೆ ಕೂರಿಸಿ ತೋರಿಸಿತು.

ನನಗೆ ಇದೆಲ್ಲಕ್ಕಿಂತ ತಲೆ ಕೆಡಿಸುವ ವಿಷಯ ಆಕ್ಸಿಜನ್ನೇ. ಕ್ಯಾನ್ಸರ್ ಗೆಡ್ಡೆ ಬೆಳೆಯುವ ವೇಗಕ್ಕೆ ರಕ್ತನಾಳ ಬೆಳೆಯುವುದಿಲ್ಲ. 1955ರಲ್ಲೇ ಥಾಮ್ಲಿನ್‌ಸನ್ ಮತ್ತು ಗ್ರೇ ಶ್ವಾಸಕೋಶದ ಗೆಡ್ಡೆಗಳ ತುಂಡುಗಳನ್ನು ಅಳೆದು, ರಕ್ತ ಸಿಗುವ ಜಾಗದಿಂದ ಸುಮಾರು 150 ಮೈಕ್ರಾನ್ ಆಚೆಗೆ ಕೋಶಗಳು ಸತ್ತಿರುತ್ತವೆ ಅಂತ ತೋರಿಸಿದ್ದರು. ಅದರ ಅಂಚಿನಲ್ಲಿ ಆಕ್ಸಿಜನ್‌ಗಾಗಿ ಬಾಯಿ ಬಿಡುತ್ತಾ ಬದುಕಿರುವ ಕೋಶಗಳಿರುತ್ತವೆ. ರೇಡಿಯೇಶನ್‌ಗೆ ಜಗ್ಗದವು ಅವೇ. ನಮ್ಮ ಸಂಕೀರ್ಣ ಅಲ್ಲಿಗೆ ತಲುಪಿದರೆ ಏನಾಗುತ್ತದೆ? ಆರ್ಗಾನ್ ಬಿಟ್ಟ ಕುವೆಟ್‌ನಲ್ಲಿ ಆದದ್ದೇ ಆಗುತ್ತದೆ. ಜೋರಾಗಿ ಹೊಳೆಯುತ್ತದೆ. ಕೊಲ್ಲೋಕೆ ಮಾತ್ರ ಆಗುವುದಿಲ್ಲ, ಕೊಲ್ಲಲು ಬೇಕಾದ ಆಕ್ಸಿಜನ್ ಅಲ್ಲಿ ಇಲ್ಲವಲ್ಲ.

ಅಂದರೆ ಚಿತ್ರದಲ್ಲಿ ಜಾಸ್ತಿ ಮಿನುಗುವ ಜಾಗವೇ ಔಷಧಿ ನಾಟದ ಜಾಗ. ಇದನ್ನು ದೋಷ ಅಂತ ಯಾಕೆ ನೋಡಬೇಕು? ಅದೇ ಒಂದು ಮಾಹಿತಿ ಅಲ್ವಾ? ಪೆಲ್ಲಾಡಿಯಂ ಮತ್ತು ಪ್ಲಾಟಿನಂ ಕೂರಿಸಿದ ಪಾರ್ಫಿರಿನ್ ಅನ್ನುವ ಉಂಗುರದಾಕಾರದ ಅಣುಗಳ ಜೊತೆ ಕೆಲಸ ಮಾಡುವವರು ಇದನ್ನು ಯಾವತ್ತೋ ಅರ್ಥ ಮಾಡಿಕೊಂಡರು. ಅವರು ಹೊಳಪು ಎಷ್ಟು ಅಂತ ನೋಡುವುದಿಲ್ಲ, ಹೊಳಪು ಆರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತಾರೆ. ಆಕ್ಸಿಜನ್ ಕಮ್ಮಿ ಇದ್ದಷ್ಟೂ ನಿಧಾನವಾಗಿ ಆರುತ್ತದೆ. 2014ರಲ್ಲಿ ಅಮೆರಿಕದ ಗುಂಪೊಂದು ಬದುಕಿರುವ ಇಲಿಯ ಎಲುಬಿನ ಮಜ್ಜೆಯೊಳಗಿನ ಆಕ್ಸಿಜನ್ನನ್ನು ಹೀಗೇ ಅಳೆದಿತ್ತು. ಆ ಅಣು ಯಾವುದನ್ನೂ ಕೊಲ್ಲಬೇಕಾಗಿಲ್ಲ. ಅದಕ್ಕೆ ಹೊರಗಿನಿಂದ ಡೆಂಡ್ರೈಮರ್ ಅನ್ನುವ ಕವಲು ಕವಲಾದ ಅಣುವಿನ ಹೊದಿಕೆ ಬೇರೆ ಹಾಕಿರುತ್ತಾರೆ, ಆಕ್ಸಿಜನ್ ಮಿತವಾಗಿ ಬರಲಿ ಅಂತ.

ಇಲ್ಲಿ ಸ್ವಲ್ಪ ಗೊಣಗುತ್ತೇನೆ. ನಮ್ಮ ಕ್ಷೇತ್ರದ ಪೇಪರುಗಳಲ್ಲಿ ಬರುವ ಐಸಿ-50 ಅಂಕಿಗಳು (ಅರ್ಧದಷ್ಟು ಕೋಶ ಸಾಯಲು ಬೇಕಾದ ಪ್ರಮಾಣ) ಬಹುಪಾಲು ಸಾಧಾರಣ ಇನ್‌ಕ್ಯುಬೇಟರ್‌ನಲ್ಲಿ ಬೆಳೆಸಿದ ಕೋಶಗಳವು. ಅಲ್ಲಿ ಹೆಚ್ಚುಕಮ್ಮಿ ಹೊರಗಿನ ಗಾಳಿಯಷ್ಟೇ ಆಕ್ಸಿಜನ್. ಒಂದು ಡಾರ್ಕ್ ಪ್ಲೇಟ್, ಒಂದು ಲೈಟ್ ಪ್ಲೇಟ್, ಬದುಕಿರುವ ಕೋಶದಲ್ಲಿ ನೇರಳೆಯಾಗುವ ಎಂಟಿಟಿ ಹಾಕಿ ಬಣ್ಣ ಓದಿ, ಇಷ್ಟು ಪಟ್ಟು ಹೆಚ್ಚು ವಿಷ ಅಂತ ಬರೆದು ಮುಗಿಸುತ್ತಾರೆ. 1% ಆಕ್ಸಿಜನ್‌ನಲ್ಲಿ ಅದೇ ಪ್ಲೇಟ್ ಇಟ್ಟರೆ ಆ ಪಟ್ಟು ಎಷ್ಟಕ್ಕೆ ಇಳಿಯುತ್ತದೆ ಅಂತ ಬರೆಯುವವರು ಕಮ್ಮಿ. ಆಕ್ಸಿಜನ್ ಕಮ್ಮಿ ಇಡುವ ಹೈಪಾಕ್ಸಿಯಾ ಚೇಂಬರ್ ಎಲ್ಲರ ಹತ್ತಿರ ಇರುವುದಿಲ್ಲ ಅನ್ನುವುದೂ ನಿಜ. ನಮ್ಮದೇ ಲ್ಯಾಬಿನಲ್ಲಿ ಇಲ್ಲ. ಬೇರೆ ಕಟ್ಟಡಕ್ಕೆ ಹೋಗಿ ಕೈಕಾಲು ಹಿಡಿಯಬೇಕು.

ಹಾಗಿದ್ದರೂ ರುಥೀನಿಯಂ ಮನುಷ್ಯರವರೆಗೆ ಬಂದಿದೆ. ಅದೂ ಜಾಗ ನೋಡಿ ಆರಿಸಿಕೊಂಡು.

ನಮ್ಮ ದೊಡ್ಡಪ್ಪನಿಗೆ ಮೂತ್ರಕೋಶದ ಕ್ಯಾನ್ಸರ್ ಆಗಿತ್ತು. ಒಳಪದರದಲ್ಲೇ ಇತ್ತು, ಸ್ನಾಯುವಿಗೆ ಇಳಿದಿರಲಿಲ್ಲ. ಗೆಡ್ಡೆ ಕೆರೆದು ತೆಗೆದ ಮೇಲೆ ವಾರಕ್ಕೊಂದು ಸಲದಂತೆ ಆರು ವಾರ ಬಿಸಿಜಿ ಹಾಕಬೇಕು ಅಂದರು. ದೊಡ್ಡಪ್ಪ ಹಾಸನದಿಂದ ಫೋನ್ ಮಾಡಿ, "ಅಲ್ಲಮ್ಮಾ, ಅದು ಕೂಸುಗಳಿಗೆ ತೋಳಿಗೆ ಚುಚ್ಚೋದಲ್ವಾ? ನನಗ್ಯಾಕೆ?" ಅಂತ ಕೇಳಿದರು. "ಅದೇ, ದೊಡ್ಡಪ್ಪಾ, ಅದೇ ಕ್ಷಯದ ಲಸಿಕೆ" ಅಂದೆ. ಕ್ಯಾಥೆಟರ್‌ನಲ್ಲಿ ಮೂತ್ರಕೋಶದೊಳಗೆ ಬಿಟ್ಟು ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕು. ಒಳಗಿನ ರೋಗನಿರೋಧಕ ಕೋಶಗಳು ರೊಚ್ಚಿಗೆದ್ದು ಗೆಡ್ಡೆಯ ಮೇಲೂ ಬೀಳುತ್ತವೆ. ಅವರಿಗೆ ಅದು ಕೆಲಸ ಮಾಡಿತು. ಎಲ್ಲರಿಗೂ ಮಾಡುವುದಿಲ್ಲ. ಮಾಡದಿದ್ದರೆ ಮುಂದಿನ ದಾರಿ ಸಾಮಾನ್ಯವಾಗಿ ಮೂತ್ರಕೋಶವನ್ನೇ ತೆಗೆಯುವುದು.

ಆ ಬಿಸಿಜಿ ಫಲಿಸದವರಿಗಾಗಿಯೇ ಟಿಎಲ್‌ಡಿ-1433 ಅನ್ನುವ ರುಥೀನಿಯಂ ಸಂಕೀರ್ಣ ಪರೀಕ್ಷೆಗೆ ಹೋಯಿತು. ಶೆರಿ ಮ್ಯಾಕ್‌ಫರ್ಲೆಂಡ್ ಅವರ ಗುಂಪು ರೂಪಿಸಿದ ಅಣು. ಟೊರಾಂಟೊದ ಥೆರಲೇಸ್ ಕಂಪನಿ ಅದನ್ನು ಮುಂದಕ್ಕೆ ಒಯ್ದಿತು. 2017ರಲ್ಲಿ ಮೊದಲ ಹಂತ ಶುರುವಾಯಿತು, 2019ರಲ್ಲಿ ಎರಡನೇ ಹಂತ. ಮನುಷ್ಯರ ಮೇಲೆ ಪರೀಕ್ಷೆಗೆ ಹೋದ ಮೊದಲ ರುಥೀನಿಯಂ ಬೆಳಕಿನ ಔಷಧಿ ಇದೇ. ಇದನ್ನು ರಕ್ತಕ್ಕೆ ಕೊಡುವುದಿಲ್ಲ. ಬಿಸಿಜಿ ಥರಾನೇ ಮೂತ್ರಕೋಶಕ್ಕೆ ಬಿಟ್ಟು, ಸುಮಾರು ಒಂದು ಗಂಟೆ ಬಿಟ್ಟು ತೊಳೆದು, ಫೈಬರ್ ಇಳಿಸಿ ಹಸಿರು ಲೇಸರ್ ಹಾಯಿಸುತ್ತಾರೆ. ಹಾಗಾಗಿ ಬಿಸಿಲಿನ ಕಾಟವೂ ಕಮ್ಮಿ.

ಹಸಿರು ಯಾಕೆ ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. ದೇಹದೊಳಗೆ ಆಳಕ್ಕೆ ಹೋಗುವುದು ಕೆಂಪು, ಅದರಾಚೆಯ ಅತಿಗೆಂಪು. ಹಸಿರನ್ನು ರಕ್ತ ನುಂಗಿಬಿಡುತ್ತದೆ, ಜಾಸ್ತಿ ದೂರ ಹೋಗುವುದಿಲ್ಲ. ನಾವೆಲ್ಲ ಕೆಂಪಿಗಾಗಿ ತಪಸ್ಸು ಮಾಡುತ್ತಿರುವಾಗ ಇವರು ಹಸಿರೇ ಬೇಕು ಅಂದರು. ಕ್ಯಾನ್ಸರ್ ಇರುವುದು ಒಳಪದರದಲ್ಲಿ, ಅದರ ಕೆಳಗಿನ ಸ್ನಾಯು ಸುಟ್ಟರೆ ಮೂತ್ರಕೋಶ ಕುಗ್ಗಿಹೋಗುತ್ತದೆ. ಬೆಳಕು ಆಳಕ್ಕೆ ಹೋಗದಿರುವುದೇ ಇಲ್ಲಿ ಒಳ್ಳೆಯದು. ಇನ್ನೊಂದು, ಈ ಅಣುವಿಗೆ ಮೂರು ಥಯೋಫೀನ್ ಉಂಗುರಗಳ ಬಾಲ ಇದೆ. ಅದರಿಂದಾಗಿ ಟ್ರಿಪ್ಲೆಟ್ ಬಹಳ ಹೊತ್ತು ಉಳಿಯುತ್ತದೆ, ಸಿಂಗ್ಲೆಟ್ ಆಕ್ಸಿಜನ್ ಇಳುವರಿ ನೂರಕ್ಕೆ ನೂರರ ಹತ್ತಿರ ಹೋಗುತ್ತದೆ. ಹಾಗಾದರೆ ಹೊಳೆಯೋಕೆ ಏನು ಉಳಿಯಿತು? ಹೆಚ್ಚುಕಮ್ಮಿ ಏನೂ ಇಲ್ಲ. ಆಸ್ಪತ್ರೆವರೆಗೆ ಹೋದ ಅಣು ಹೊಳೆಯುವ ಆಸೆಯನ್ನೇ ಬಿಟ್ಟಿದೆ.

ಅದಕ್ಕೆ ಸರಿಯಾಗಿ ಎದುರು ತುದಿಯಲ್ಲಿ ಯುರೋಪಿಯಂ ಇದೆ. ಅದು ಹೊಳೆಯುತ್ತದೆ, ಅಷ್ಟೇ. ಯಾರನ್ನೂ ಕೊಲ್ಲುವುದಿಲ್ಲ. ಅದರ ಎಲೆಕ್ಟ್ರಾನು ಒಳಗಿನ ಕವಚದಲ್ಲಿ ಅಡಗಿಕೊಂಡಿರುವುದರಿಂದ ಆಕ್ಸಿಜನ್ನಿಗೆ ಅಷ್ಟಾಗಿ ಸಿಗುವುದಿಲ್ಲ. ಹೊಳಪು ಮಿಲಿಸೆಕೆಂಡಿನ ಅಳತೆಯಲ್ಲಿ ಉಳಿಯುತ್ತದೆ. ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಫಿಲ್ಟರ್ ಪೇಪರ್ ಮೇಲೆ ರಕ್ತದ ಹನಿ ತೆಗೆದುಕೊಳ್ಳುವುದನ್ನು ನೋಡಿರುತ್ತೀರಿ. ಥೈರಾಯ್ಡ್ ಕೊರತೆ ಇದೆಯಾ ಅಂತ ಟಿಎಸ್‌ಎಚ್ ಅನ್ನುವ ಹಾರ್ಮೋನು ಅಳೆಯಲು ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ಬಳಸುವುದು ಯುರೋಪಿಯಂ ಅಂಟಿಸಿದ ಆ್ಯಂಟಿಬಾಡಿ. ಫಿನ್ಲೆಂಡಿನ ಟುರ್ಕು ಊರಿನಲ್ಲಿ 1980ರ ದಶಕದಲ್ಲಿ ಬೆಳೆದ ವಿಧಾನ. ಬೆಳಕಿನ ಮಿಂಚು ಕೊಟ್ಟು 400 ಮೈಕ್ರೋಸೆಕೆಂಡು ಸುಮ್ಮನೆ ಕಾಯುತ್ತಾರೆ. ಅಷ್ಟರಲ್ಲಿ ರಕ್ತದ, ಕಾಗದದ, ಪ್ಲಾಸ್ಟಿಕ್ಕಿನ ಹೊಳಪೆಲ್ಲ ಆರಿರುತ್ತದೆ. ಆಮೇಲೆ ಉಳಿದ ಕೆಂಪನ್ನು ಎಣಿಸುತ್ತಾರೆ. ಕೊರತೆ ಬೇಗ ಗೊತ್ತಾದರೆ ದಿನಕ್ಕೊಂದು ಮಾತ್ರೆಯಲ್ಲಿ ಮಗುವಿನ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ಹೊಳೆಯುವ ಲೋಹಗಳಿಂದ ಜನಕ್ಕೆ ಆದ ದೊಡ್ಡ ಉಪಕಾರ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕ್ಯಾನ್ಸರ್ ಅನ್ನುವ ಪದವೇ ಅದರಲ್ಲಿ ಬರುವುದಿಲ್ಲ.

ಬೆಂಗಳೂರಿನವರಾಗಿ ಐಐಎಸ್ಸಿಯ ಅಖಿಲ್ ಚಕ್ರವರ್ತಿ ಅವರ ಗುಂಪಿನ ಕೆಲಸ ಬಿಡುವ ಹಾಗಿಲ್ಲ. ಅವರು ಬೇರೆ ಜಾಡು ಹಿಡಿದರು. ದುಬಾರಿ ರುಥೀನಿಯಂ ಬದಲು ವನೇಡಿಯಂ, ಕಬ್ಬಿಣ, ಕೋಬಾಲ್ಟ್‌ನಂಥ ಲೋಹಗಳು. ಜೊತೆಗೆ ಅರಿಸಿನದ ಕರ್ಕ್ಯುಮಿನ್. ಬರೀ ಕರ್ಕ್ಯುಮಿನ್ ನಮ್ಮ ರಕ್ತದಂಥ ಪಿಎಚ್‌ನಲ್ಲಿ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. ಲೋಹಕ್ಕೆ ಕಟ್ಟಿಹಾಕಿದರೆ ತಾಳಿಕೊಳ್ಳುತ್ತದೆ. ಕೋಬಾಲ್ಟ್ ಸಂಕೀರ್ಣದಲ್ಲಂತೂ ಬೆಳಕು ಬಿದ್ದಾಗ ಲೋಹ ಅದನ್ನು ಬಿಟ್ಟುಕೊಡುತ್ತದೆ. ಇಲ್ಲಿ ಹೊಳೆಯುವುದು ಲೋಹವಲ್ಲ, ಅರಿಸಿನ. ಕೆಲಸವನ್ನು ಇಬ್ಬರಿಗೆ ಹಂಚಿದ್ದು ನನಗೆ ಹಿಡಿಸಿತು.

ನಾನು ಸದ್ಯಕ್ಕೆ ಆಸ್ಮಿಯಂ ಕಡೆ ಹೊರಳಿದ್ದೇನೆ. ಆವರ್ತ ಕೋಷ್ಟಕದಲ್ಲಿ ರುಥೀನಿಯಂನ ಕೆಳಗಿನ ಮನೆ. ಇನ್ನೂ ಭಾರ. ಹಾಗಾಗಿ ಕೆಂಪು ಬೆಳಕನ್ನೂ ನುಂಗುತ್ತದೆ, 700 ನ್ಯಾನೋಮೀಟರ್ ಹತ್ತಿರದವರೆಗೂ. ಆಳದ ಗೆಡ್ಡೆಗೆ ಬೇಕಾದದ್ದು ಅದೇ. ತೊಂದರೆ ಏನೆಂದರೆ ಟ್ರಿಪ್ಲೆಟ್ ಆಯಸ್ಸು ಕೆಲವು ಹತ್ತು ನ್ಯಾನೋಸೆಕೆಂಡಿಗೆ ಇಳಿಯುತ್ತದೆ. ಆಕ್ಸಿಜನ್ ಬಂದು ತಟ್ಟುವಷ್ಟರಲ್ಲಿ ಶಕ್ತಿ ಖಾಲಿ. ಟಿಎಲ್‌ಡಿಗೆ ಇದ್ದಂಥ ಬಾಲ ಇದಕ್ಕೂ ಸೇರಿಸಿದರೆ ಉದ್ದವಾಗುತ್ತದಾ ಅಂತ ನೋಡುವ ಆಸೆ. ಈ ಸಲ ಹೊಳೆಯಲಿ ಅಂತ ನಾನೇನೂ ಕಾಯುತ್ತಿಲ್ಲ. ಹೊಳೆಯದಿದ್ದರೆ ಖುಷಿಯೇ.

ಆಸ್ಮಿಯಂ ಉಪ್ಪಿಗೆ ಇಂಡೆಂಟ್ ಹಾಕಿದ್ದೇನೆ. ಬೆಲೆ ನೋಡಿ ಗೈಡ್ ಒಂದು ಗ್ರಾಂನ್ನು ಅರ್ಧ ಗ್ರಾಂ ಮಾಡಿದರು. ಪರ್ಚೇಸ್‌ನವರು ಮೂರು ಕೊಟೇಶನ್ ಕೇಳಿದ್ದಾರೆ, ಎರಡು ಬಂದಿವೆ.